ಕಳ್ಳಿ ಹೂವಿನ ಬೀಗ

ಸಾವೊ ಪೌಲೊ, ಸಾಂತಾ ಇಫಿಜೇನಿಯಾ ಬೀದಿ
ಜುಲೈ 11, 2023

ಪ್ರೀತಿಯ ಮೊಮ್ಮಗ ನಿಲ್ದೊನಿಗೆ,

ಹೇಗಿದ್ದೀಯಪ್ಪ? ಎದೆಯುರಿ ಕಡಿಮೆಯಾಯಿತೆ? ಎದ್ದ ಕೂಡಲೇ ಬರಿ ಹೊಟ್ಟೆಗೆ ಕರಿ ಕಾಫಿ ಸುರಿದುಕೊಳ್ಳುವ ಚಾಳಿ ಬಿಟ್ಟಿದ್ದೀಯೋ, ಇಲ್ಲ ಅಲ್ಲಿ ಬೈಯುವವರಿಲ್ಲವೆಂದು ಹೆಚ್ಚಿಸಿದ್ದೀಯೋ? ನಮ್ಮೂರ ಕಡೆ, ಕಾಂಪೀನಾ ಗ್ರಾಂಡಿಯಲ್ಲಿ ಈ ತಿಂಗಳು ಥಂಡಿ ಜಾಸ್ತಿ, ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗು. ಚಿಕ್ಕಂದಿನಲ್ಲಿ ನಿನ್ನ ಕಿವಿ ಸೋರುತ್ತಿದ್ದದ್ದು ನಿನಗೆ ನೆನಪಿಲ್ಲದಿರಬಹುದು, ಒರೆಸಿದವಳಿಗೆ ನೆನಪಿದೆ. ನನ್ನ ಮಂಡಿ ಹಾಗೇ ಇದೆ. ನಮ್ಮ ಅಂಗಡಿಯಿರುವ ಗ್ಯಾಲರಿಯ ಮೆಟ್ಟಿಲು ಹತ್ತುವಾಗ ಎರಡೂ ಮಂಡಿ ಸಂತೆಯಲ್ಲಿ ಜಗಳಕ್ಕೆ ಬಿದ್ದ ಸವತಿಯರ ಹಾಗೆ ಕಿರುಚುತ್ತವೆ. ಸತ್ತಿಲ್ಲ, ಅಷ್ಟು ತಿಳಿದಿರಲಿ. ಫೋನಿನಲ್ಲಿ ನನ್ನನ್ನೂ ನಿನ್ನ ತಮ್ಮ ಗಿಲ್ವಾನನನ್ನೂ ಬಂದ್ ಮಾಡಿದ್ದೀಯ. ಕಾಗದವನ್ನು ಬಂದ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದಕ್ಕೇ ಕತ್ತೆಯ ಮೇಲೆ ಕೂತು ಹೋಗಿ ಎರಡನೇ ಕ್ಲಾಸಿನವರೆಗೆ ಕಲಿತ ಅಕ್ಷರವನ್ನೆಲ್ಲ ಗುಡ್ಡೆ ಹಾಕಿಕೊಂಡು ಬರೆಯುತ್ತಿದ್ದೇನೆ. ಸೊಟ್ಟಗಿದ್ದರೆ ನಗು. ಆದರೆ ಪೂರ್ತಿ ಓದಿ ಆಮೇಲೆ ನಗು.

ಅಂಗಡಿಯ ಸುದ್ದಿ ಹೇಳುತ್ತೇನೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮಾಡಿದವನ ಕಿವಿಗೆ ಒಂದು ಸಲ ಬೀಳಲಿ. ಗಿರಾಕಿ ತಂದ ಗೇಮ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ನಕಲಿ ಗೇಮೂ ಓಡಲೆಂದು ಒಳಗೆ ಉಗುರಿನಷ್ಟು ಚಿಪ್ ಕೂರಿಸಿ, ಕೂದಲಿನಂಥ ತಂತಿಗೆ ಬೆಸುಗೆ ಹಾಕುತ್ತಿದ್ದವನು ಗಿಲ್ವಾನ್. ಆ ಚಿಪ್ಪಿಗೆ ಲ್ಯಾಪ್‌ಟಾಪಿನಿಂದ ಫರ್ಮ್‌ವೇರ್ ಎಂಬ, ಅದನ್ನು ನಡೆಸುವ ಬರಹ ಹೊಡೆಯುತ್ತಿದ್ದವನು ನೀನು. ಈ ಬೀದಿಯವರೆಲ್ಲ ಎಲ್ಲಿಂದಲೋ ಇಳಿಸಿಕೊಂಡದ್ದನ್ನು ಹೊಡೆಯುತ್ತಿದ್ದರೆ ನೀನು ನಿನ್ನದನ್ನೇ ಬರೆದೆ. ಪೆಟ್ಟಿಗೆ ಹೊತ್ತಿಕೊಂಡ ಕೂಡಲೇ ಪರದೆಯ ಮೇಲೆ ನಮ್ಮ ಒಣಸೀಮೆಯ ಕಳ್ಳಿ ಗಿಡ, ಅದರ ತುದಿಯಲ್ಲಿ ಬಿಳಿ ಹೂವು ಅರಳುವುದು, ಹೂವಿನ ಕೆಳಗೆ ನಿನ್ನ ಹೆಸರು. ನಮ್ಮ ಕಡೆಯಿಂದ ಕೂಲಿಗೆ ಬಂದ ಗಂಡಸರು ಆ ಹೂವು ನೋಡಿ ಮೂಗು ಒರೆಸಿಕೊಳ್ಳುತ್ತಿದ್ದರು. ಎದುರಿನ ಅಂಗಡಿಯ ತಿಯಾಂವ್ ಅದನ್ನು ಕದ್ದು ತನ್ನ ಅಗ್ಗದ ಚಿಪ್ಪುಗಳಿಗೆ ಹೊಡೆದ. ಆಗ ನೀನು ಹೂವಿನೊಳಗೆ ಬೀಗ ಇಟ್ಟೆ. ನಾವು ತರಿಸುವ ಚಿಪ್ಪಾದರೆ ಸುಮ್ಮನಿರುತ್ತದೆ. ಬೇರೆ ಚಿಪ್ಪಾದರೆ ಕೆಲವು ವಾರ ನಗುನಗುತ್ತ ಆಡಿಸಿ, ಒಂದು ದಿನ ಹೂವು ಬಾಡಿ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಪದ ಕೇಳುತ್ತದೆ. ಪದ ತಪ್ಪಿದರೆ ಮುಗಿಯಿತು, ಪೆಟ್ಟಿಗೆ ಇಟ್ಟಿಗೆ, ಗೋಡೆ ಕಟ್ಟುವುದಕ್ಕೆ ಮಾತ್ರ ಲಾಯಕ್ಕು. ತಿಯಾಂವ್ ಬಂದು ಇಡೀ ಗ್ಯಾಲರಿಯ ಎದುರಿಗೆ "ನಾನು ಕಳ್ಳ ಕಣ್ರಪ್ಪಾ" ಎಂದ ಮೇಲೆ ನೀನು ಕೀಬೋರ್ಡಿಗೆ ಬೆನ್ನು ಮರೆ ಮಾಡಿಕೊಂಡು, ಯಾರಿಗೂ ಕಾಣದಂತೆ ಪದ ಹೊಡೆದು, ಅವನ ಪೆಟ್ಟಿಗೆಗಳನ್ನು ತೆರೆದುಕೊಟ್ಟೆ. ನಾನು ಚಪ್ಪಾಳೆ ತಟ್ಟಿದೆ. ಈಗಲೂ ತಟ್ಟುತ್ತೇನೆ. ಕಳ್ಳನಿಗೆ ಒಡ್ಡಿದ ಬೋನು ಚೆನ್ನಾಗಿಯೇ ಇತ್ತು.

ಅದೇ ಬೋನನ್ನು ತಮ್ಮನ ಕಾಲಿಗೆ ಯಾಕೆ ಒಡ್ಡಿದೆ ಎಂದು ಕೇಳುವುದಿಲ್ಲ, ಯಾಕೆಂದು ನನಗೆ ಗೊತ್ತು. ಕಾರ್ನಿವಲ್ಲಿನ ಹಿಂದಿನ ಶನಿವಾರ ಅಂಗಡಿ ತುಂಬ ಜನ. ಗಿಲ್ವಾನ್ ಬೆಸುಗೆಯಿಂದ ತಲೆ ಎತ್ತದೆ, "ಅಣ್ಣಾ, ಹೂವಿನ ಕೆಳಗೆ ನನ್ನ ಹೆಸರೂ ಸೇರಿಸೋ" ಎಂದ. ಅಷ್ಟೇ ಅವನು ಕೇಳಿದ್ದು. ನೀನು ಗಿರಾಕಿಗಳ ಕಡೆ ತಿರುಗಿ, "ಮನೆ ಕಟ್ಟಿದ ಗಾರೆಯೋನ ಹೆಸ್ರು ಬಾಗ್ಲ ಮೇಲೆ ಬರೀತಾರೇನೋ?" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕು, "ಗಾರೆಯೋನಿಲ್ದೆ ಬಾಗ್ಲು ಎಲ್ಲಿ ನೇತಾಕ್ತೀಯಣ್ಣ, ಆಕಾಶಕ್ಕಾ?" ಎಂದ. ಆಗ ಇನ್ನೂ ಜೋರಾಗಿ ನಕ್ಕರು. ನೀನು ನಗೆಯನ್ನು ಕೊಡುವವನು, ತೆಗೆದುಕೊಳ್ಳುವವನಲ್ಲ. ನಿನ್ನ ತಾತನೂ ಹಾಗೇ ಇದ್ದ; ಹಬ್ಬದ ಊಟದಲ್ಲಿ ಯಾರೋ ಅವನ ಬೊಕ್ಕತಲೆ ನೋಡಿ ನಕ್ಕರೆಂದು ಅವರ ಬಾವಿಗೆ ಸತ್ತ ಮೇಕೆ ಎಸೆದುಬಂದ. ಅದೇ ಬಾವಿಯ ನೀರನ್ನು ನಾವೂ ಕುಡಿಯಬೇಕಿತ್ತು ಎನ್ನುವುದು ಆ ಮಹಾನುಭಾವನಿಗೆ ಆಮೇಲೆ ಹೊಳೆಯಿತು. ನೀನು ಆ ವಾರವೇ, "ಊರಲ್ಲಿ ನನ್ನದೇ ಅಂಗಡಿ ಹಾಕ್ತೀನಿ, ನಾನಿಲ್ದೆ ಇದು ಎಷ್ಟು ದಿನ ನಡೆಯುತ್ತೋ ನೋಡ್ತೀನಿ" ಎಂದು ಬಟ್ಟೆ ಕಟ್ಟಿದೆ.

ಬಸ್ ನಿಲ್ದಾಣಕ್ಕೆ ಬಂದವಳು ನಾನೊಬ್ಬಳೇ. ನೀವಿಬ್ಬರೂ ಮಾತು ಬಿಟ್ಟಿದ್ದಿರಿ. ಬಸ್ಸು ಗುರುಗುಡುತ್ತಿತ್ತು. ನೀನು ಬಗ್ಗಿ ನನ್ನ ಕೈಗೆ ಮುತ್ತಿಟ್ಟು, "ಆಶೀರ್ವಾದ ಮಾಡಜ್ಜಿ" ಎಂದೆ. ತಲೆಯ ಮೇಲೆ ಕೈ ಇಟ್ಟೆ. ಕೈ ಇನ್ನೂ ಅಲ್ಲೇ ಇತ್ತು, ಕೆಳಗಿನಿಂದ ನಿನ್ನ ದನಿ ಬಂತು: "ಅಜ್ಜಿ, ಗಿಲ್ವಾನ್‌ಗೆ ಹೇಳ್ಬಿಡು, ಬೀಗ ತೆಗೆದಿದ್ದೀನಿ. ಇನ್ಮೇಲೆ ಯಾವ ಚಿಪ್ಪಿಗೆ ಬೇಕಾದ್ರೂ ಹೊಡ್ಕೊಳ್ಲಿ." ನನ್ನ ಕಣ್ಣಲ್ಲಿ ನೀರು ಬಂತು, ನೋಡು ಎಂಥ ಹೆಡ್ಡಿ ನಾನು. ಸಿಟ್ಟಿದ್ದರೂ ತಮ್ಮನ ಅನ್ನಕ್ಕೆ ಮಣ್ಣು ಹಾಕಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನಿನ್ನನ್ನೇ ಹೊಗಳಿಕೊಂಡು ಬಂದೆ. ಮನೆಗೆ ಬಂದು ಹೇಳಿದರೆ ಗಿಲ್ವಾನ್ ನಂಬಲಿಲ್ಲ. "ನಿಜವಾಗ್ಲೂ ಅವನೇ ಅಂದ್ನಾ?" ಎಂದ. "ಆಶೀರ್ವಾದ ತಗೊಳ್ತಾ ಅಂದ ಕಣೋ" ಎಂದೆ. "ಹಂಗಾದ್ರೆ ಸರಿ" ಎಂದ. ಆಮೇಲೆ ಮತ್ತೆ ಕೇಳಲಿಲ್ಲ, ಪರೀಕ್ಷೆ ಮಾಡಿಯೂ ನೋಡಲಿಲ್ಲ. ನಮ್ಮ ಜನ ಪೋಲೀಸಿನವನಿಗೆ ಸುಳ್ಳು ಹೇಳುತ್ತಾರೆ, ಪಾದ್ರಿಗೆ ಹೇಳುತ್ತಾರೆ, ಹೆಂಡತಿಗಂತೂ ಊಟದ ಜೊತೆಗೆ ಬಡಿಸುತ್ತಾರೆ. ತಲೆಯ ಮೇಲೆ ಹಿರಿಯರ ಕೈ ಇರುವಾಗ ಸುಳ್ಳು ಹೇಳುವವನು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಹುಟ್ಟಿದ್ದ. ಹೊಕ್ಕಳುಬಳ್ಳಿ ಕತ್ತರಿಸಿದವಳೂ ನಾನೇ.

ನಮ್ಮ ಚಿಪ್ಪು ಮುಗಿದವು. ತರುವವನು, ಅವು ಈಗ ಬರುತ್ತಿಲ್ಲ ಎಂದು ಬೇರೆಯವನ್ನು ತಂದುಕೊಟ್ಟ. ಗಿಲ್ವಾನ್ ನೀನು ಬಿಟ್ಟುಹೋದ ಲ್ಯಾಪ್‌ಟಾಪಿನಿಂದ ನಿನ್ನ ಹೂವನ್ನೇ ಅವಕ್ಕೆಲ್ಲ ಹೊಡೆದ. ತನ್ನ ಹೆಸರು ಸೇರಿಸಿಕೊಳ್ಳಬಹುದಿತ್ತಲ್ಲ, ಇಲ್ಲ. "ಅಣ್ಣ ಬರೆದಿದ್ದು ಹಂಗೇ ಇರ್ಲಿ ಅಜ್ಜಿ, ವಾಪಸ್ ಬಂದಾಗ ನೋಡ್ಲಿ" ಎಂದ. ಜೂನ್ ತಿಂಗಳ ಸಂತ ಯೊವಾನ್ನರ ಹಬ್ಬ ಹತ್ತಿರವಿತ್ತು, ಕೈತುಂಬ ಕೆಲಸ. ಇಟಕೇರಾ ಬಡಾವಣೆಯಲ್ಲಿ ಹುಡುಗರಿಗೆ ಗೇಮ್ ಆಡಿಸುವ ಕೋಣೆ ಇಟ್ಟಿರುವ ವಾಲ್ದೆಕ್ ತನ್ನ ಪೆಟ್ಟಿಗೆಗಳನ್ನೆಲ್ಲ ನಮಗೇ ಕೊಟ್ಟ, ಹಬ್ಬಕ್ಕೆ ಪಂದ್ಯ ಇಟ್ಟಿದ್ದ. ಹಬ್ಬದ ದಿನ ನಾನು ಮೆಕ್ಕೆಜೋಳದ ಪಾಯಸ ಕದಡುತ್ತಿದ್ದೆ, ಗಿಲ್ವಾನನ ಫೋನು ಕೂಗಿತು. ಆ ಕಡೆಯಿಂದ ವಾಲ್ದೆಕ್: "ಹೂವು ಬಾಡೋಯ್ತು ಕಣೋ, ಒಂದಾದ್ಮೇಲೆ ಒಂದು!" ನಿನ್ನ ತಮ್ಮ ಫೋನು ಕೆಳಗಿಟ್ಟು ನನ್ನ ಮುಖ ನೋಡಿದ. ಬೈದಿದ್ದರೆ ನಾನು ಎರಡರಷ್ಟು ಬೈದು ಸರಿ ಮಾಡಿಕೊಳ್ಳುತ್ತಿದ್ದೆ. ಅಂದಿನಿಂದ ಅವನು ಮನೆಯಿಂದ ಹೊರಡುವಾಗ ನನ್ನ ಆಶೀರ್ವಾದ ಕೇಳುವುದನ್ನು ಬಿಟ್ಟಿದ್ದಾನೆ. ನಿನ್ನ ಸುಳ್ಳು ಅವನ ಕಿವಿಗೆ ಬಿದ್ದದ್ದು ನನ್ನ ಬಾಯಿಂದ. ಅವನ ಮನಸ್ಸಿನಲ್ಲಿ ಬೀಗ ಹಾಕಿದವರು ಇಬ್ಬರು.

ಆಮೇಲೆ ಅವನು ಪದ ಹುಡುಕಲು ಕೂತ. ಒಂದು ಪೆಟ್ಟಿಗೆಗೆ ಒಂದೇ ಅವಕಾಶ, ತಪ್ಪಿದರೆ ಅದು ಇಟ್ಟಿಗೆ. ನೀನು ಎಂಥ ಅಚ್ಚುಕಟ್ಟಿನವನು! ಮೊದಲು ನಿಮ್ಮಮ್ಮನ ಹೆಸರು ಹೊಡೆದ. ಒಂದು ಪೆಟ್ಟಿಗೆ ಹೋಯಿತು. ನಮ್ಮೂರ ಹೆಸರು, ಇನ್ನೊಂದು ಹೋಯಿತು. ಲಾರಿಗೆ ಸಿಕ್ಕು ಸತ್ತ ನಿನ್ನ ನಾಯಿ ಪಿತೊಂಬಾ, ಅದೂ ಅಲ್ಲ. ನನ್ನ ಹೆಸರು ಹೊಡೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸುಳ್ಳೇಕೆ ಹೇಳಲಿ, ತೆರೆಯಲಿ ಎಂದು ಎದೆ ಹೊಡೆದುಕೊಂಡಿತು. ತೆರೆಯಲಿಲ್ಲ. ಕೊನೆಗೆ ಒಂದರ ಮುಂದೆ ಬಹಳ ಹೊತ್ತು ಕೂತ. "ಏನೋ ಯೋಚ್ನೆ?" ಎಂದರೆ, "ಏನಿಲ್ಲ, ಸುಮ್ನೆ" ಎಂದು ಕಿವಿ ಕೆಂಪಗೆ ಮಾಡಿಕೊಂಡು ತನ್ನದೇ ಹೆಸರು ಹೊಡೆದ. ಅಣ್ಣ ಎಲ್ಲರೆದುರಿಗೆ ಇಲ್ಲ ಎಂದರೂ ಒಳಗೆ ಎಲ್ಲಾದರೂ ಇಟ್ಟಿರಬಹುದು ಎನ್ನುವ ಆಸೆ, ಪಾಪದ್ದು. ಆ ಪೆಟ್ಟಿಗೆಯೂ ಇಟ್ಟಿಗೆಯಾಯಿತು. ಅಲ್ಲಿಗೆ ನಿಲ್ಲಿಸಿದ. ನಿನಗೆ ಯಾರ ಮೇಲೆ ಪ್ರೀತಿಯಿದೆ ಎಂದು ಹುಡುಕುವುದಕ್ಕೆ ಇನ್ನೊಬ್ಬರ ಪೆಟ್ಟಿಗೆಗಳನ್ನು ಎಷ್ಟೆಂದು ಸುಡುವುದು?

ವಾಲ್ದೆಕ್ ಇಬ್ಬರು ಸೋದರಳಿಯರನ್ನು ಕಟ್ಟಿಕೊಂಡು ಬಂದ. ಒಬ್ಬೊಬ್ಬನೂ ಫ್ರಿಜ್ಜಿಗೆ ಅಂಗಿ ತೊಡಿಸಿದ ಹಾಗಿದ್ದ. ವಾಲ್ದೆಕ್ ಮಾತ್ರ ಬಹಳ ಮರ್ಯಾದಸ್ಥ, ಟೋಪಿ ತೆಗೆದು, "ದುಡ್ಡು ಬೇಡ ಅಜ್ಜಮ್ಮ. ನನ್ ಕೋಣೆ ಮುಚ್ಚೋಗದೆ, ಅದನ್ ತೆರೆದುಕೊಡಿ ಸಾಕು" ಎಂದ. ಆಮೇಲೆ ಆದದ್ದು ಆಯಿತು. ಗಿಲ್ವಾನನ ಬಲಗೈ ಬೆರಳುಗಳನ್ನು ನಮ್ಮದೇ ಮೇಜಿನ ಡ್ರಾಯರಿನಲ್ಲಿಟ್ಟು ಡ್ರಾಯರು ಒದ್ದು ಮುಚ್ಚಿದರು. ಗ್ಯಾಲರಿಯವರೆಲ್ಲ ಒಬ್ಬರಾದ ಮೇಲೊಬ್ಬರು ಅಂಗಡಿಯ ಕಬ್ಬಿಣದ ಪರದೆ ಕೆಳಗೆಳೆದುಕೊಂಡರು, ಆ ಸದ್ದು ನಿನಗೂ ಗೊತ್ತಲ್ಲ, ಮಳೆ ಬಂದ ಹಾಗೆ. ಆಸ್ಪತ್ರೆಯಲ್ಲಿ ಸರಳು ತೂರಿಸಿದ್ದಾರೆ. "ಚಮಚ ಹಿಡೀಬಹುದಮ್ಮ, ಯೋಚನೆ ಮಾಡ್ಬೇಡಿ" ಎಂದ ಡಾಕ್ಟರು. "ನನ್ನ ಮೊಮ್ಮಗ ಹಿಡಿಯೋದು ಚಮಚ ಅಲ್ಲಪ್ಪ" ಎಂದೆ. ಕೂದಲಿನಂಥ ತಂತಿ ಹಿಡಿಯುತ್ತಿದ್ದ ಬೆರಳಿಗೆ ಈಗ ಅಂಗಿಯ ಗುಂಡಿ ಸಿಕ್ಕುವುದಿಲ್ಲ, ನಾನೇ ಹಾಕುತ್ತೇನೆ. ಹಾಕುವಾಗ ಗೋಡೆ ನೋಡುತ್ತಾನೆ. ಎದುರಿನ ತಿಯಾಂವ್ ಹೂವು ಬಾಡಿದ ಮೊದಲ ದಿನ, "ಏನಜ್ಜಮ್ಮ, ನಿಮ್ಮನೆ ಹೂವು ನಿಮ್ಮನ್ನೇ ಕಚ್ತಾ?" ಎಂದು ಹಲ್ಲು ಕಿರಿದಿದ್ದ. ಕೈ ಮುರಿದ ಮೇಲೆ ದಿನವೂ ಅವನ ಮನೆಯಿಂದ ಸೂಪು ಬರುತ್ತದೆ. ಉಪ್ಪು ಕಡಿಮೆ. ಕುಡಿಯುತ್ತೇವೆ. ಕಳ್ಳನ ಮನೆಯ ಸೂಪು ಕುಡಿಯುವ ಯೋಗವನ್ನು ನೀನು ಈ ವಯಸ್ಸಿನಲ್ಲಿ ನನಗೆ ಒದಗಿಸಿಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ.

ಈಗ ಕೇಳು. "ಮರೆತೆ ಅಜ್ಜಿ, ತೆಗೀಬೇಕು ಅಂತಿದ್ದೆ" ಎಂದು ಮಾತ್ರ ಬರೆಯಬೇಡ. ತಿಯಾಂವನ ಬಾಯಲ್ಲಿ ಕಳ್ಳ ಎನ್ನಿಸಿದ ಹಾಗೆ ಗಿಲ್ವಾನನನ್ನು ನಿನ್ನ ಬಾಗಿಲಿಗೆ ಬರಿಸಿ, ನೀನಿಲ್ಲದೆ ನಡೆಯುವುದಿಲ್ಲಣ್ಣ ಎನ್ನಿಸಬೇಕೆಂದು ನೀನು ಕಾದಿದ್ದೆ. ಅವನು ಬರಲಿಲ್ಲ, ಅನ್ನಲಿಲ್ಲ. ಇನ್ನು ಅವನಿಂದ ನಿನಗೆ ಏನೂ ಸಿಕ್ಕುವುದಿಲ್ಲ. ಉಳಿದಿರುವ ಪೆಟ್ಟಿಗೆಗಳು ಮೇಜಿನ ಮೇಲೆ ಸಾಲಾಗಿ ಕೂತಿವೆ, ಒಂದು ಪದ ಸಾಕು. ನಿನ್ನ ದನಿ ನನಗೆ ಬೇಡ, ಕ್ಷಮಾಪಣೆಯೂ ಬೇಡ. ಪದ ಕಳಿಸು. ಯಾವ ಹುಡುಗಿಯ ಹೆಸರೋ, ಯಾವ ಹಲಸಿನ ಹಣ್ಣೋ, ನನ್ನ ಮೇಲೆ ಬೈಗುಳವೇ ಆಗಿರಲಿ, ಕಳಿಸು.

ಅಲ್ಲಿ ಸಂತ ಆಂತೋನಿ ಬೀದಿಯಲ್ಲಿ ನನ್ನ ಹಳೆಯ ಗೆಳತಿ ಅಡಾಲ್ಜೀಜಾ ಸಿಕ್ಕರೆ ಕೇಳಿದೆನೆಂದು ಹೇಳು. ಕಾಗದದ ಕೊನೆಗೆ ಆಶೀರ್ವಾದ ಬರೆಯುವುದು ನಮ್ಮ ಪದ್ಧತಿ. ಕೈ ಎತ್ತಿದರೆ ಏಳುತ್ತಿಲ್ಲ. ಈ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನೇ ನೋಡಿಕೋ.



ನಿನ್ನನ್ನು ಸಾಕಿದ
ಅಜ್ಜಿ ಜೊವೆಲೀನಾ

ಮರೆತದ್ದು: ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಗೀಚುತ್ತಿದ್ದೇನೆ, ಕಿಟಕಿಯ ಹುಡುಗಿ ಬೇಗ ಅಂಟಿಸಿ ಎಂದು ಅವಸರ ಮಾಡುತ್ತಿದ್ದಾಳೆ. ಕೈ ಯಾಕೆ ಮುರಿದರೆಂದು ಮೇಲೆ ಬರೆಯಲಿಲ್ಲ, ಬರೆಯಬೇಡವೆಂದು ಗಿಲ್ವಾನ್ ಆಣೆ ಹಾಕಿಸಿದ್ದ. ಪೆಟ್ಟಿಗೆಗಾಗಿ ಅಲ್ಲ. ವಾಲ್ದೆಕ್ ಕೇಳಿದ್ದು ಒಂದೇ ಮಾತು: "ನಿಮ್ಮಣ್ಣ ಎಲ್ಲವ್ನೆ?" ನಿನ್ನ ಸಾಮಾನು ಪಾರ್ಸೆಲ್ ಮಾಡಿ ವಿಳಾಸ ಬರೆದವನು ಅವನೇ, ಆದರೂ "ಗೊತ್ತಿಲ್ಲ" ಎಂದ. ಡ್ರಾಯರು ಮುಚ್ಚಿದ ಮೇಲೂ ಗೊತ್ತಿಲ್ಲ ಎಂದ. ಎಡಗೈ ಎಳೆದಾಗ ನಾನು ಹೇಳಿಬಿಟ್ಟೆ. ಬೀದಿ, ಮನೆಯ ನಂಬರು, ಮಾರುಕಟ್ಟೆಯ ಹಿಂದಿನ ನೀಲಿ ಬಾಗಿಲು, ಎಲ್ಲ. ಹಬ್ಬದ ನೂಕುನುಗ್ಗಲಿನಲ್ಲಿ ಸಿಗದ ಟಿಕೀಟು ಈಗ ಸಿಕ್ಕಿತಂತೆ, ಅವನ ಸೋದರಳಿಯರಿಬ್ಬರೂ ನಾಳೆಯ ಬಸ್ಸಿಗೆ ಹೊರಡುತ್ತಾರೆ. ಕಾಗದ ಮೊದಲು ಮುಟ್ಟುತ್ತದೋ ಅವರು ಮೊದಲು ಮುಟ್ಟುತ್ತಾರೋ ಗೊತ್ತಿಲ್ಲ. ಬಾಗಿಲು ಬಡಿದರೆ ಕೂಡಲೇ ಪದ ಹೇಳಿಬಿಡು ಮಗಾ. ಗಿಲ್ವಾನನ ಹಾಗೆ ಪೆಟ್ಟು ತಿಂದೂ ಬಾಯಿ ಮುಚ್ಚಿಕೊಂಡಿರುವುದು ನಿನ್ನ ಕೈಲಾಗುವ ಕೆಲಸವಲ್ಲ.