ಸಂದಿಗಿಂತ ಒಂದು ಹುಕ್ಕು ಹೆಚ್ಚು

ಅಂಗಡಿಯ ಮೇಲಿನ ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬಲಗೈ ಬೆರಳುಗಳು ಈಗಲಾದರೂ ಹೇಳಿದ ಮಾತು ಕೇಳುತ್ತಿವೆಯಾ? ಮೆತ್ತನೆಯ ಚೆಂಡು ಹಿಸುಕುವ ವ್ಯಾಯಾಮವನ್ನು ನೀವು ಅಮ್ಮನ ಕಣ್ಣು ತಪ್ಪಿಸಿ ಎಡಗೈಯಲ್ಲಿ ಮಾಡಿ ಮುಗಿಸುತ್ತೀರಂತೆ, ಅಣ್ಣ ಚಾಡಿ ಹೇಳಿದ. ಅವನು ಚಿಕ್ಕಂದಿನಲ್ಲೂ ಹಾಗೇ ಅಲ್ಲವಾ, ಮನೆಯ ಒಂದು ಗುಟ್ಟೂ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರಾತ್ರಿ ನಿದ್ದೆ ಬರುತ್ತದಾ? ಮಾತ್ರೆ ನುಂಗಲು ರಗಳೆ ಮಾಡುತ್ತಿಲ್ಲ ತಾನೆ? ಈ ಕಾಗದವನ್ನು ಅಮ್ಮನೇ ನಿಮಗೆ ಓದಿ ಹೇಳುವುದು ಅಂತ ಗೊತ್ತಿರುವುದರಿಂದ ಅವಳ ಮೇಲಿನ ದೂರುಗಳನ್ನು ಸದ್ಯಕ್ಕೆ ನುಂಗಿಕೊಂಡಿದ್ದೇನೆ. ನಾವೆಲ್ಲ ಆರಾಮ. ನಿಮ್ಮ ಅಳಿಯ ಮೊನ್ನೆ ದೊಡ್ಡ ಕತ್ತರಿಗೆ ಸಾಣೆ ಹಿಡಿದರು. ಕತ್ತರಿ ಎಷ್ಟು ಹರಿತವಾಗಿದೆ ಅಂತ ತಮ್ಮ ಹೆಬ್ಬೆರಳ ಮೇಲೆ ನೋಡಿಕೊಂಡು ಈಗ ಪಟ್ಟಿ ಕಟ್ಟಿಕೊಂಡು ಓಡಾಡುತ್ತಿದ್ದಾರೆ. ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸಿ ಸಹಾನುಭೂತಿ ಗಿಟ್ಟಿಸುವುದೇ ಅವರ ಕೆಲಸವಾಗಿದೆ.

ಅಂಗಡಿಯಲ್ಲಿ ಕೈತುಂಬ ಕೆಲಸವಿದೆ. ಮೂಲೆಯ ಹೊಸ ಕಟ್ಟಡದವರು ಎಲ್ಲ ಕಿಟಕಿಗಳಿಗೂ ನಮ್ಮಲ್ಲೇ ಪರದೆ ಹೊಲಿಸುತ್ತಿದ್ದಾರೆ. ನಿನ್ನೆ ಮೊದಲನೆಯದನ್ನು ತೂಗು ಹಾಕಿದೆವು. ಹಾಕಿ ಏಣಿ ಇಳಿದು ನೋಡುತ್ತೇನೆ, ಒಂದು ಮೂಲೆ ಜೋತುಬಿದ್ದಿದೆ! "ಅಮ್ಮಾ, ಪರದೆ ಕಿವಿ ಇಳಿಬಿಟ್ಕೊಂಡಿದೆ" ಅಂದಳು ನಿಮ್ಮ ಚೂಟಿ ಮೊಮ್ಮಗಳು, ಆ ಮನೆಯವರೆಲ್ಲರ ಎದುರಿಗೆ. ನನಗೆ ನಗು ತಡೆಯಲಾಗಲಿಲ್ಲ. ಪರದೆಗೂ ಕಿವಿಗೂ ಗಂಟು ಹಾಕುವುದು ನೀವೊಬ್ಬರೇ ಅಂದುಕೊಂಡಿದ್ದೆ. ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ಹುಕ್ಕು ಹುಕ್ಕಿನ ನಡುವಿನ ಸಂದುಗಳನ್ನು ಎಣಿಸಿ ಅಷ್ಟೇ ಹುಕ್ಕು ಹಾಕಿಬಿಟ್ಟಿದ್ದೆ ಅಪ್ಪಾ, ಕೊನೆಯದನ್ನು ಮರೆತು.

ನಾನು ಇದೇ ತಪ್ಪನ್ನು ಮೊದಲ ಸಲ ಮಾಡಿದ್ದು ನೆನಪಿದೆಯಾ? ಆಗ ನಾನು ಕತ್ತರಿಸುವ ಮೇಜಿನ ಎತ್ತರಕ್ಕೂ ಬಂದಿರಲಿಲ್ಲ. ನಮ್ಮ ಅಡುಗೆಮನೆಯ ಪರದೆಗೆ ಗೇಣಿಗೊಂದು ಹುಕ್ಕು ಹಾಕು ಅಂದಿರಿ. ಎಂಟು ಗೇಣು ಬಟ್ಟೆ, ಎಂಟು ಹುಕ್ಕು, ಮುಗಿಯಿತಲ್ಲ ಅಂತ ನಾನು ಹಾಕಿದೆ. ಮೂಲೆ ಜೋತುಬಿತ್ತು. ನೀವು ಬೈಯಲಿಲ್ಲ, ತಿದ್ದಲೂ ಇಲ್ಲ. ಅದನ್ನು ಹಾಗೇ ಕಿಟಕಿಗೆ ನೇತುಹಾಕಿದಿರಿ. ಅಮ್ಮ ರೇಗಿದರೆ "ಯಾಕೆ ಹೀಗಾಯ್ತೋ ನಂಗೆಲ್ಲಿ ಗೊತ್ತಾಗುತ್ತೆ? ನಂಗೆ ಲೆಕ್ಕ ಬರಲ್ಲ. ಓದ್ತಿರೋಳು ನಿನ್ ಮಗಳು, ಅವಳನ್ನೇ ಕೇಳು" ಅಂದಿರಿ. ನಾನು ಊಟ ಮಾಡುವಾಗಲೆಲ್ಲ ಆ ಜೋಲು ಮೂಲೆಯನ್ನೇ ನೋಡುತ್ತಿದ್ದೆ. ಒಂದು ದಿನ ತುತ್ತು ಬಾಯಲ್ಲಿರುವಾಗಲೇ ಹೊಳೆಯಿತು. ಎರಡು ತುದಿಗೂ ಹುಕ್ಕು ಬೇಕಲ್ಲ! ಸಂದಿಗಿಂತ ಹುಕ್ಕು ಒಂದು ಹೆಚ್ಚಿರಬೇಕು! ಎಂಜಲು ಕೈಯಲ್ಲೇ ಕುಣಿದೆ. ನೀವು ನನಗಿಂತ ಹೆಚ್ಚು ಆಶ್ಚರ್ಯಪಟ್ಟವರಂತೆ "ಹೌದಾ? ಇದು ನಂಗೆ ಹೊಳೀಲೇ ಇಲ್ವಲ್ಲ!" ಅಂದಿರಿ. ನಾನು ಅದನ್ನು ಪೂರ್ತಿ ನಂಬಿದ್ದೆ.

ಎಲ್ಲದಕ್ಕೂ ಹಾಗೇ ಅಲ್ಲವಾ ನೀವು? ಕಿತ್ತಳೆ ಸುಲಿಯುವ ಮುಂಚೆ ಒಳಗೆ ಎಷ್ಟು ತೊಳೆ ಇದೆ ಅಂತ ನಾನೂ ಅಣ್ಣನೂ ಅಂದಾಜು ಹೇಳಬೇಕಿತ್ತು. ಹತ್ತಿರ ಬಂದವರಿಗೆ ಒಂದು ತೊಳೆ ಜಾಸ್ತಿ. ಅಣ್ಣ ಯಾವಾಗಲೂ ಕಣ್ಣು ಮುಚ್ಚಿ "ಹತ್ತು" ಅನ್ನುತ್ತಿದ್ದ, ಬಹಳ ಸಲ ಅವನೇ ಗೆಲ್ಲುತ್ತಿದ್ದ, ನಾನು ಅಳುತ್ತಿದ್ದೆ. ಆಮೇಲೆ ಉಳಿದದ್ದನ್ನು ಸಮ ಹಂಚುವ ಕೆಲಸ ನನ್ನ ಪಾಲಿಗೆ. ತಟ್ಟೆ ಹಾಕಲು ಹೇಳುವಾಗಲೂ "ಚಿಕ್ಕಪ್ಪ ಬರ್ತಾನೆ, ಅಣ್ಣ ಉಂಡಾಯ್ತು, ಈಗ ತಟ್ಟೆ ಎಷ್ಟು?" ಅಂತ ಕೇಳುತ್ತಿದ್ದಿರಿ. ಉಳಿದ ರಿಬ್ಬನ್ನನ್ನು ಮಡಿಸಿ, ಮತ್ತೆ ಮಡಿಸಿ, ನನ್ನ ಕೈಗಿಟ್ಟು ಇದರಲ್ಲಿ ಕಾಲು ಭಾಗ ಎಲ್ಲಿದೆ ಹುಡುಕು ಅನ್ನುತ್ತಿದ್ದಿರಿ. ನಾನು ತಡವರಿಸಿದರೆ ಮಾತ್ರ ನಿಮ್ಮದು ಅದೇ ಹಾಡು: ನಂಗೆ ಲೆಕ್ಕ ಬರಲ್ಲ. ನಾನು ಶಾಲೆಯಲ್ಲಿ ಟೀಚರ್ ಹತ್ತಿರ ಹೋಗಿ "ನಮ್ಮಪ್ಪನಿಗೆ ಲೆಕ್ಕ ಬರಲ್ಲ, ನಾನೇ ಮನೇಲಿ ಹೇಳಿಕೊಡ್ತೀನಿ" ಅಂತ ಜಂಬ ಕೊಚ್ಚಿಕೊಂಡು ಬಂದಿದ್ದೆ. ಆ ಟೀಚರ್ ತಮ್ಮ ಮನೆಯ ಪರದೆಗೆ ಅಳತೆ ಕೊಡಲು ನಿಮ್ಮ ಬಳಿ ಬಂದಾಗ ನಿಮ್ಮಿಬ್ಬರ ಮುಖ ನೋಡಬೇಕಿತ್ತು!

ಅದಕ್ಕೇ ಅಪ್ಪಾ, ಹೋದ ತಿಂಗಳು ಫೋನಿನಲ್ಲಿ ನೀವು "ನಂಗೆ ಇನ್ನು ಲೆಕ್ಕ ಬರಲ್ಲ ಮಗಳೇ, ಟೇಪು ನೀನೇ ಇಟ್ಕೋ" ಅಂದಾಗ ನಾನು ಮೊದಲು ನಕ್ಕೆ. ಹಳೆಯ ಆಟ ಅಂದುಕೊಂಡೆ. ಆಮೇಲೆ ಅಮ್ಮ ಹೇಳಿದಳು, ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ನೂರರಿಂದ ಏಳು ಕಳೆಯಿರಿ ಅಂದರಂತೆ, ನೀವು ಬಹಳ ಹೊತ್ತು ಗೋಡೆ ನೋಡುತ್ತ ಕೂತಿದ್ದಿರಂತೆ. ಪಾಪ, ಅವರು ಮೆಲ್ಲಗೆ ಎಲ್ಲ ವಾಪಸು ಬರುತ್ತದೆ ಅಂತಲೇ ಹೇಳಿದ್ದಾರೆ. ನೀವು ಮಾತ್ರ ಅವತ್ತಿನಿಂದ ಅಂಗಡಿಯ ಮಾತು ಎತ್ತಿದರೆ ಸಿಡುಕುತ್ತೀರಂತೆ. "ಬಂದು ಏನ್ ಮಾಡ್ಲಿ, ಸ್ಟೂಲು ಕಾಯ್ಲಾ?" ಅಂದಿರಂತೆ. ನನಗೆ ತುಂಬ ಸಂಕಟವಾಯಿತು. ನಿಮ್ಮ ಕೈ ಹೊಲಿಯದಿದ್ದರೆ ಹೊಲಿಯುವವಳು ನಾನಿದ್ದೇನೆ. ಆದರೆ ಭಾನುವಾರ ಭಾನುವಾರ ಚೂಟಿ ಒಂದು ಲೆಕ್ಕ ಹುಡುಕಿಕೊಂಡು ನಿಮಗೆ ಫೋನು ಮಾಡುತ್ತಾಳಲ್ಲ, ನೀವು ಅವಳ ದನಿ ಕೇಳಿದ ಕೂಡಲೇ ಅಮ್ಮನ ಕೈಗೆ ಫೋನು ದಾಟಿಸುತ್ತೀರಿ. "ತಾತಂಗೆ ನನ್ ಮೇಲೆ ಕೋಪಾನಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ.

ನಿಮ್ಮ ಅಳತೆಯ ಟೇಪನ್ನು ನಾನು ಇಟ್ಟುಕೊಂಡಿಲ್ಲ. ಅದು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ನಿಮ್ಮ ಗೋಣಿಬಟ್ಟೆ ಬಣ್ಣದ ಅಂಗಿಯೂ ಪಕ್ಕದಲ್ಲೇ ಇದೆ. ಅದನ್ನು ಒಗೆದು ಇಸ್ತ್ರಿ ಮಾಡಿದ್ದೇನೆ, ಜೇಬಿನ ಸೀಮೆಸುಣ್ಣದ ಕಲೆ ಮಾತ್ರ ಹೋಗಲಿಲ್ಲ. ಹೋಗದಿದ್ದರೂ ಚೆನ್ನ ಅನ್ನಿಸಿತು.

ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳಿ. ಅಮ್ಮನಿಗೆ ಬೇರೆ ಹೇಳಬೇಕಿಲ್ಲ, ಓದುತ್ತಿರುವವಳು ಅವಳೇ. ಅಮ್ಮಾ, ಕನ್ನಡಕ ಒರೆಸಿಕೋ. ಇಬ್ಬರ ಕಾಲಿಗೂ ನಮ್ಮ ಮೂವರ ನಮಸ್ಕಾರ.

ನಿಮ್ಮ,
ಹುಕ್ಕು ಮರೆತ ಮಗಳು

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಈಗಷ್ಟೇ ಚೂಟಿ ನಮ್ಮ ಊಟದ ದುಂಡು ಮೇಜಿನ ಸುತ್ತ ಐದೂ ಕುರ್ಚಿ ಜೋಡಿಸಿದಳು, ನಿಮ್ಮದೂ ಅಮ್ಮನದೂ ಸೇರಿಸಿ. ಸಂದುಗಳನ್ನು ಎಣಿಸಿದರೆ ಅವೂ ಐದು. "ತಾತ ಹೇಳಿದ್ದು ಒಂದು ಜಾಸ್ತಿ ಇರ್ಬೇಕು ಅಂತ. ಹಾಗಾದ್ರೆ ಇನ್ನೊಂದ್ ಕುರ್ಚಿ ಎಲ್ಲಿ? ತಾತ ಹೇಳಿದ್ದು ತಪ್ಪಾ?" ಅಂತ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಪರದೆ ಉದ್ದಕ್ಕಿರುತ್ತದೆ, ಮೇಜು ದುಂಡಗಿದೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಕಚ್ಚಿ ಹಿಡಿದೆ. ನಂಗೆ ಲೆಕ್ಕ ಬರಲ್ಲ, ತಾತನ್ನೇ ಕೇಳು ಅಂದುಬಿಟ್ಟೆ. ಯಾರಿಂದ ಕಲಿತದ್ದು ಅಂತ ನಿಮಗೆ ಹೇಳಬೇಕಾ? ಮುಂದಿನ ಭಾನುವಾರ ಫೋನು ಮಾಡುತ್ತಾಳೆ. ಅಲ್ಲಿಯವರೆಗೆ ಅಮ್ಮನ ತಟ್ಟೆಯ ಸುತ್ತ ಚಮಚಗಳನ್ನಿಟ್ಟು ಎಣಿಸಿ ನೋಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ, ಅವಳು ಕಾಯುತ್ತಾಳೆ. ಫೋನನ್ನು ಮಾತ್ರ ಅಮ್ಮನ ಕೈಗೆ ಕೊಡಬೇಡಿ ಅಪ್ಪಾ.