ಮೂಟೆ ಪಕ್ಕದ 'ಈಗ'

ಎಡಗಡೆ ಸೀಟಿನ ನನ್ನ ಮಾವನಿಗೆ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯುವುದಕ್ಕೇ ಆಗುವುದಿಲ್ಲ. ನನಗೆ ಮದುವೆಯಾಯಿತು. ಹುಡುಗ ಯಾರು ಗೊತ್ತಾ? ಆನೇಮಹಲಿನ ಟೈರ್ ಅಂಗಡಿಯ ರಂಜನ್. "ನೀನು ಕಾರು ತಗೊಂಡೋದ್ರೆ ಮಾತ್ರ ಅವನು ಅಷ್ಟೊತ್ತು ಗಾಳಿ ಹೊಡೀತಾನೆ, ಯಾಕೋ ಅನುಮಾನ ಐತೆ ಕಣೇ ಪುಟ್ಟಿ" ಅಂದಿದ್ದೆಯಲ್ಲ, ಅವನೇ. ಕೈಯ ಮೆಹಂದಿ ಇನ್ನೂ ಪೂರ್ತಿ ಹೋಗಿಲ್ಲ. ಈಗ ಅವನ ಅಪ್ಪನನ್ನೂ ಮಾವ ಎಂದೇ ಕರೆಯಬೇಕು. ಕರೆದಾಗಲೆಲ್ಲ, ಅಮ್ಮನ ತಮ್ಮ ನೀನೇ ಎಲ್ಲಿಂದಲೋ "ಏನೇ?" ಅನ್ನುತ್ತೀಯೇನೋ ಅಂತ...

ನೆನಪಿದೆಯಾ, ಕಾಫಿ ಒಣಗಿ ಮಾರಾಟಕ್ಕೆ ಹೋದ ಮೇಲೆ ಹೊಂಗಡಹಳ್ಳದ ನಿನ್ನ ಕಣ ಖಾಲಿಯಾಗುತ್ತಿತ್ತು. ಅಲ್ಲೇ ನಮ್ಮ ರೇಸ್ ಟ್ರ್ಯಾಕ್. ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿ, ಒಂದೊಂದು ತಿರುವಿನ ಒಳಮೂಲೆಗೆ ಒಂದೊಂದು ಮೂಟೆ ನಿಲ್ಲಿಸುತ್ತಿದ್ದೆ ನೀನು. ಕಾರು ಮೂಟೆಯನ್ನು ಸವರುವಷ್ಟು ಹತ್ತಿರ ಹೋಗಬೇಕು, ತಟ್ಟಬಾರದು. ತಟ್ಟಿದವರೇ ಚೆಲ್ಲಿದ ಹೊಟ್ಟು ಗುಡಿಸಿ, ತುಂಬಿ, ಬಾಯಿ ಹೊಲಿಯಬೇಕು. ನಾನು ಮೊದಲ ಸಲ ಹೊಲಿಯಲು ಕೂತಾಗ ನೀನು ಕಣದ ಕಟ್ಟೆ ಮೇಲೆ ಕೂತು ನಗುತ್ತಾ, "ಇಂಗ್ಲಿಷ್ ಸ್ಕೂಲಲ್ಲಿ ದಬ್ಬಳ ಹಿಡಿಯೋದು ಹೇಳ್ಕೊಡಲ್ವೇನೆ?" ಅಂದೆ. ಆ ಬೇಸಿಗೆಯಲ್ಲಿ ಎಷ್ಟು ಹೊಲಿದೆನೋ.

ಆಮೇಲೆ ನಿನ್ನ ಕೆಂಪು ಕಾರು. ಅದರಲ್ಲಿ ಟರ್ಬೋ ಇರಲಿಲ್ಲ, ತನ್ನಷ್ಟಕ್ಕೆ ತಾನೇ ಉಸಿರಾಡುವ ಇಂಜಿನ್. ಆಕ್ಸಿಲರೇಟರ್ ಒತ್ತಿದ ಕೂಡಲೇ ಹೂಂ ಅನ್ನುತ್ತಿತ್ತು, ಕಾಲು ತೆಗೆದರೆ ಮೂತಿಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿಕೊಳ್ಳುತ್ತಿತ್ತು. ಹಾಗಾಗಿ ನಿನ್ನ ಪಾಠವೂ ಒಂದೇ: ಬ್ರೇಕ್ ಹಾಕು, ತಿರುಗಿಸು, ಕಾಯು. "ಕಾಯೇ... ಕಾಯೇ..." ಮೂಟೆ ಪಕ್ಕಕ್ಕೆ ಬಂದಾಗ ತೊಡೆ ತಟ್ಟಿಕೊಂಡು "ಈಗ" ಅನ್ನುತ್ತಿದ್ದೆ. ನಾನು ಒತ್ತುತ್ತಿದ್ದೆ. ನಿನ್ನ ಆ 'ಈಗ' ಇಲ್ಲದೆ ಒಂದು ತಿರುವನ್ನಾದರೂ ನಾನು ದಾಟಿದ್ದೇನಾ? ನೀನು ಹೋದ ಮೇಲೂ ಬಿಸ್ಲೆ ರಸ್ತೆಯಲ್ಲಿ ಒಬ್ಬಳೇ ಹೋಗುವಾಗ ಅದು ಕೇಳಿಸುತ್ತಿತ್ತು. ಹಾರ ಹಾಕಿದ ಫೋಟೋದಲ್ಲಿ ನೀನು ಇಲ್ಲ ಮಾವ, ಅಲ್ಲಿದ್ದೀಯ.

ಈ ಸಲ ಮಗ್ಗೆಯಿಂದಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಹೆಂಗಸರ ರೇಸ್ ಬಂದಾಗ ಕೆಂಪು ಕಾರು ಗೇರ್‌ಬಾಕ್ಸ್ ಬಿಚ್ಚಿಕೊಂಡು ಕೂತಿತ್ತು. ರಂಜನ್ ತನ್ನ ಕಾರಿನ ಕೀ ಕೊಟ್ಟ. ಟರ್ಬೋ ಕಾರು. ನೀನಿದ್ದಿದ್ದರೆ ಬಾನೆಟ್ ಎತ್ತಿ ನೋಡಿ ಮೂಗು ಮುರಿಯುತ್ತಿದ್ದೆ, ಅಲ್ವಾ? ರೇಸಿನ ಹಿಂದಿನ ದಿನ ಅಭ್ಯಾಸಕ್ಕೆ ಹೋದೆವು. ಅಲ್ಲೂ ತಿರುವುಗಳ ಒಳಮೂಲೆಗೆ ಮೂಟೆಗಳೇ, ಮರಳಿನವು. ತಿರುಗಿಸಿದೆ, ಕಾದೆ, ನಿನ್ನ 'ಈಗ' ಕೇಳಿಸಿತು, ಒತ್ತಿದೆ. ಕಾರು ಸುಮ್ಮನಿತ್ತು. ಇನ್ನಷ್ಟು ಒತ್ತಿದೆ. ಹೊಗೆಯ ರಭಸಕ್ಕೆ ಟರ್ಬೋ ಚಕ್ರ ತಿರುಗಿ ಇಂಜಿನ್ನಿಗೆ ಗಾಳಿ ನೂಕುವಷ್ಟರಲ್ಲಿ ತಿರುವು ಮುಗಿದೇಹೋಗಿತ್ತು. ಶಕ್ತಿ ಎಲ್ಲ ಒಟ್ಟಿಗೇ ಬಂತು, ಮುಂದಿನ ಚಕ್ರ ಜಾರಿತು, ನೇರ ಹೊರಗಿನ ಟೈರ್ ಗೋಡೆಗೆ. ಮತ್ತೆ ಹೋದೆ, ಮತ್ತೆ ಅದೇ ಗೋಡೆ.

"ಯಾರ್ ಮಾತು ಕೇಳ್ಕೊಂಡು ಒತ್ತುತಿದೀಯ ನೀನು?" ಅಂದ ರಂಜನ್.

"ಮಾವಂದು."

ಅವನು ನಗಲಿಲ್ಲ. ಬಂಪರಿನ ಮಣ್ಣು ಒರೆಸುತ್ತಾ, "ಹಂಗಾದ್ರೆ ಸ್ವಲ್ಪ ಬೇಗ ಹೇಳಕ್ಕೆ ಹೇಳು ಮಾರಾಯ್ತಿ" ಅಂದ.

ಅದಕ್ಕೇ ಇವನನ್ನು ಮದುವೆಯಾದೆ ಅನಿಸುತ್ತೆ. ಆದರೆ ನೀನು ಬೇಗ ಹೇಳಲಿಲ್ಲ. ಎಷ್ಟು ಕಿವಿಗೊಟ್ಟರೂ ನಿನ್ನ ಮಾತು ಬರುವುದು ಮೂಟೆ ಪಕ್ಕದಲ್ಲೇ. ಬ್ರೇಕ್ ಇನ್ನಷ್ಟು ಹಿಂದೆಯೇ ಹಾಕಿ, ವೇಗ ಇಳಿಸಿ, ಮೂಟೆಗಿಂತ ಮೊದಲೇ ಕಾಲು ಮೆಲ್ಲಗೆ ಇಡಬೇಕು. ಅದು ತಲೆಗೆ ಹೊಕ್ಕಿತ್ತು, ಕಾಲು ಒಪ್ಪುತ್ತಿರಲಿಲ್ಲ. ನೀನು ಹೇಳದೆ ಒತ್ತಿಬಿಟ್ಟರೆ, ನಿನ್ನ ಮಾತು ಬೇಡವಾಯಿತು ಅಂತ ಆಗಿಬಿಡುತ್ತಲ್ಲ? ಒಮ್ಮೆ ಬೇಡವಾದ ಮೇಲೆ ಅದು ಮತ್ತೆ ಬರುತ್ತದೆಯೇ? ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತುಬಿಟ್ಟೆ. ಕಾರು ಬದಲಾಯಿಸಿದರೆ ನೀನೂ ಇಳಿದು ಹೋಗುತ್ತೀಯ ಅಂತ...

ಕೊನೆಗೆ ಹೊರಟೆ. ಬ್ರೇಕ್, ತಿರುವು, ಮೂಟೆ ಇನ್ನೂ ಮುಂದಿದೆ. ಎಡಗಡೆ ಸೀಟಿನಲ್ಲಿ ಸದ್ದಿಲ್ಲ. ಕಾಲು ಇಟ್ಟೆ. ಏನೂ ಆಗಲಿಲ್ಲ. ಹೆದರಿಕೊಂಡೇ ಕಾಲನ್ನು ಅಲ್ಲೇ ಇಟ್ಟುಕೊಂಡೆ. ಮೂಟೆ ಪಕ್ಕಕ್ಕೆ ಬಂತು, ನೀನು "ಈಗ" ಅಂದೆ, ಸರಿಯಾಗಿ ಅದೇ ಗಳಿಗೆಗೆ ಕಾರು ಎದ್ದು ಓಡಿತು. ಮಾವ, ನಿನ್ನ 'ಈಗ' ಇದ್ದಲ್ಲೇ ಇದೆ. ನನ್ನ ಕಾಲು ಮಾತ್ರ ಒಂದಿಷ್ಟು ಮೊದಲು ಹೊರಡಬೇಕಿತ್ತು. ಹೆಲ್ಮೆಟ್ಟಿನೊಳಗೆ ಅತ್ತುಬಿಟ್ಟೆ, ಗಾಜೆಲ್ಲ ಮಂಜು.

ರೇಸಿನಲ್ಲಿ ಎರಡನೆಯವಳಾದೆ. ಒಂದು ಮೂಟೆಯನ್ನೂ ತಟ್ಟಲಿಲ್ಲ.

ಕೆಂಪು ಕಾರು ರಿಪೇರಿಯಾಗಿ ಬಂದಿದೆ. ಭಾನುವಾರ ರಂಜನನನ್ನು ಕಣಕ್ಕೆ ಕರೆದುಕೊಂಡು ಬರುತ್ತೇನೆ, ಅವನೇ ಓಡಿಸಲಿ. ಟರ್ಬೋ ಅಭ್ಯಾಸದವನು, ಮೊದಲೇ ಒತ್ತುತ್ತಾನೆ, ಆ ಕಾರು ಕಾಯುವುದಿಲ್ಲ, ಎಡವಟ್ಟಾಗುವುದು ಖಂಡಿತ. ಹೊಟ್ಟು ತುಂಬಿಟ್ಟಿದ್ದೇನೆ, ದಬ್ಬಳವನ್ನೂ ಹುಡುಕಿಟ್ಟಿದ್ದೇನೆ. ಅವನಿಗೆ "ಕಾಯೋ" ಅನ್ನುವುದಕ್ಕೆ ಎಡಗಡೆ ಸೀಟಿನಲ್ಲಿ ನಾನು ಕೂರಬೇಕು ಮಾವ. ಸ್ವಲ್ಪ ಸರಿದು ಕೂತುಕೋ.

ನಿನ್ನ ಪುಟ್ಟಿ