ಇಟ್ಟಿಗೆಯ ದುಡ್ಡು

ನನ್ನ ಬಾಡಿಗೆ ಕೋಣೆ, ಮೂರನೇ ಮಹಡಿ
ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ ಆರು ಗಂಟೆ

ಪ್ರೀತಿಯ ಮಾವ,

ಹೇಗಿದ್ದೀರಿ? ಕೆಮ್ಮು ಇಳಿಯಿತೇ? "ನಿಮ್ಮ ಮಾವನಿಗೆ ಔಷಧಿ ಕುಡಿಸೋದು ಅಂದ್ರೆ ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ" ಎಂದು ಅತ್ತೆ ಫೋನಿನಲ್ಲಿ ದೂರು ಕೊಟ್ಟರು. ದಯವಿಟ್ಟು ಹಟ ಮಾಡದೆ ಕುಡಿಯಿರಿ. ಅತ್ತೆಯ ಮಂಡಿನೋವು ಹೇಗಿದೆ? ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಹೋದೆ, ಪೆನ್ನು ನಿಂತುಬಿಟ್ಟಿತು. ಎರಡು ದಿನದಿಂದ ಊಟ ಸರಿಯಾಗಿ ಇಳಿಯುತ್ತಿಲ್ಲ.

ಭಾನುವಾರ ಎರಡು ಸಲ ಫೋನ್ ಮಾಡಿದ್ದು ಇದನ್ನು ಹೇಳುವುದಕ್ಕೇ. ನೀವು "ಏನೇ ಮೌನಿ, ಫೋನ್ ಮಾಡಿ ಸುಮ್ಮನೆ ಇರ್ತೀಯಲ್ಲ, ನಿನ್ನ ಉಸಿರು ಕೇಳೋಕೆ ನಾನೇನು ಡಾಕ್ಟರಾ?" ಎಂದು ನಕ್ಕಿರಿ. ನಾನು ಇಲ್ಲಿಯ ಚಳಿಯ ವಿಷಯ ಮಾತಾಡಿ ಫೋನ್ ಇಟ್ಟುಬಿಟ್ಟೆ. ಬಾಯಿ ಬರದಿದ್ದರೂ ನನಗೆ ಕೈ ಬರುತ್ತದೆ, ನಿಮಗೆ ಗೊತ್ತಲ್ಲ. ನಿಮ್ಮ ಗಾಜಿನ ಕಾರ್ಖಾನೆಯ ಬಾಟಲಿ ಇಳಿಸಿ ವಾಪಸು ಹೊರಟಿರುವ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಏಳಕ್ಕೆ ಹೊರಟರೆ ಗುರುವಾರ ತಲುಪುತ್ತಾರಂತೆ. ಶುಕ್ರವಾರ ಹತ್ತು ಗಂಟೆಗೆ ನೀವು ಕಾರ್ಮಿಕರ ನಿವೃತ್ತಿ ನಿಧಿಯ ಅಧ್ಯಕ್ಷರಾಗಿ, ನಮ್ಮ ಕಂಪನಿ ಮಾರುತ್ತಿರುವ ಕಾರ್ಖಾನೆಯ ಸಾಲಪತ್ರಗಳ ಖರೀದಿಗೆ ಸಹಿ ಹಾಕಲಿದ್ದೀರಿ. ಹಾಕಬೇಡಿ ಮಾವ. ಮೊದಲು ಇದನ್ನು ಓದಿ.

ಸಾಹಿತ್ಯ ಓದಿದವಳಿಗೆ ಹೂಡಿಕೆ ಕಂಪನಿಯಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಅವರು ಬರೆದದ್ದು ಅವರಿಗೇ ಅರ್ಥ ಆಗಲ್ಲ, ನಮ್ಮ ಹುಡುಗಿ ಬಿಡಿಸಿ ಹೇಳ್ತಾಳೆ" ಎಂದು ನೀವು ಎದೆಯುಬ್ಬಿಸಿ ಹೇಳುತ್ತೀರಿ. ಬಿಡಿಸುವುದಕ್ಕಿಂತ ಸುತ್ತುವುದೇ ಹೆಚ್ಚು ಮಾವ. ನನ್ನ ಮೇಲಧಿಕಾರಿ ಒಂದು ದಿನವೂ ಗದರಿದವರಲ್ಲ. ಮಧ್ಯಾಹ್ನ ಕಿತ್ತಳೆ ಸುಲಿದರೆ ಅರ್ಧ ನನ್ನ ಮೇಜಿಗೆ ಬರುತ್ತದೆ. "ಸಾಲ ಅಂತ ಬರೀಬೇಡಮ್ಮ, ಓದೋರ ಎದೆ ಧಸಕ್ ಅನ್ನುತ್ತೆ. ಹೊರಗಿನ ಬಂಡವಾಳ ಅನ್ನು" ಎಂದು ಮಗಳಿಗೆ ಹೇಳುವ ಹಾಗೆ ಹೇಳುತ್ತಾರೆ. ನಾನು ತಿದ್ದುತ್ತೇನೆ. ಈ ಸಾಲಪತ್ರ ಕೊಳ್ಳಿ ಎಂದು ನಿಮ್ಮ ನಿಧಿಯ ಸಮಿತಿಗೆ ಬಂದ ನೀಲಿ ರಟ್ಟಿನ ಪುಸ್ತಿಕೆಯನ್ನು ನಾನು ಹಾಗೆಯೇ ಬರೆದದ್ದು. ಅದನ್ನು ನೀವು ಮೇಜಿನ ಮೇಲಿಟ್ಟು "ನಮ್ಮ ಹುಡುಗಿ ಬರೆದದ್ದು, ಇನ್ನು ಕೆದಕೋದೇನಿದೆ?" ಎಂದಿರಂತೆ. ಅನುಮಾನ ಪಡುತ್ತಿದ್ದ ಇಬ್ಬರೂ ಆ ಮಾತಿಗೆ ಸುಮ್ಮನಾದರಂತೆ. ಅತ್ತೆ ಇದನ್ನು ಸಂತೋಷದಿಂದ ಹೇಳಿದರು.

ಸಭೆಗಳಲ್ಲಿ ನಾನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುವವಳು. ಮಾತಾಡದವಳ ಎದುರು ಜನ ಏನು ಬೇಕಾದರೂ ಮಾತಾಡುತ್ತಾರೆ. ಹಾಗೆ ತಿಳಿದದ್ದು ಇಷ್ಟು. ನಾಲ್ಕು ವರ್ಷದ ಹಿಂದೆ ನಮ್ಮ ಕಂಪನಿ ನಿಮ್ಮ ಕಾರ್ಖಾನೆಯನ್ನು ಕೊಂಡಾಗ ಹೊಸ ಮಾಲೀಕರು ಭಾರಿ ಕುಳ ಎಂದುಕೊಂಡಿರಲ್ಲ, ಅವರು ತಮ್ಮ ಜೇಬಿನಿಂದ ಹಾಕಿದ್ದು ಐದರಲ್ಲಿ ಒಂದು ಪಾಲು. ಉಳಿದದ್ದು ಸಾಲ, ಅದೂ ಕಾರ್ಖಾನೆಯ ಹೆಸರಿನಲ್ಲೇ. ನಿಮ್ಮನ್ನು ಕೊಂಡ ಬೆಲೆಯನ್ನು ನೀವೇ ತೀರಿಸುತ್ತಿದ್ದೀರಿ. ಆಮೇಲೆ ಕಾರ್ಖಾನೆಯ ಕೆಳಗಿನ ನೆಲವನ್ನು ತಮ್ಮದೇ ಇನ್ನೊಂದು ಕಂಪನಿಗೆ ಮಾರಿಸಿದರು. ನಲವತ್ತು ವರ್ಷ ನಿಂತ ಜಾಗಕ್ಕೆ ಕಾರ್ಖಾನೆ ಈಗ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತದೆ. ಗಾಜು ಕರಗಿಸುವ ಫರ್ನೇಸಿನ ಒಳಗೋಡೆಯ ಇಟ್ಟಿಗೆ ಬದಲಿಸಲೆಂದು ಹಳೆಯ ಮಾಲೀಕರು ವರ್ಷ ವರ್ಷ ಎತ್ತಿಟ್ಟಿದ್ದ ದುಡ್ಡನ್ನು ಇವರು ಲಾಭಾಂಶ ಎಂದು ಬಾಚಿಕೊಂಡರು. "ಬಾಟಲಿ ಮಾರಿ ಇಷ್ಟು ಗಳಿಸೋಕೆ ಇಪ್ಪತ್ತು ವರ್ಷ ಬೇಕು. ಅಷ್ಟು ದಿನ ಬೆಂಕಿ ಮುಂದೆ ಯಾರು ಬೇಯ್ತಾರೆ?" ಎಂದು ಸಭೆಯಲ್ಲಿ ಒಬ್ಬರು ಅಂದಾಗ ಎಲ್ಲರೂ ನಕ್ಕರು. ಬೇಯುವವರಲ್ಲಿ ನೀವೊಬ್ಬರು ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸುಮ್ಮನೆ ಬರೆದುಕೊಂಡೆ.

ಈಗ ಸಾಲ ಕೊಟ್ಟವರಿಗೆ ಭಯ ಹತ್ತಿದೆ. ಅವರ ಹಣ ಹಿಂದಿರುಗಿಸಿ ನಮ್ಮ ಕಂಪನಿ ಕೈತೊಳೆದುಕೊಳ್ಳಬೇಕೆಂದರೆ ಹೊಸ ಹಣ ಬೇಕು. ಅದಕ್ಕೇ ನಿಮ್ಮ ಆರುನೂರಿಪ್ಪತ್ತು ಜನರ ನಿಧಿಯ ಮೇಲೆ ಕಣ್ಣು. ನೀವು ಸಹಿ ಹಾಕಿದರೆ ಆ ಸಾಲ ಇಡಿಯಾಗಿ ನಿಮ್ಮ ಉಳಿತಾಯದ ಕೊರಳಿಗೆ ಬೀಳುತ್ತದೆ. ನಿಮ್ಮ ನಿಧಿಗೆ ಬಡ್ಡಿ ಬರಬೇಕಾದರೆ ಕಾರ್ಖಾನೆ ಖರ್ಚು ಇಳಿಸಬೇಕು, ಅಂದರೆ ನಿಮ್ಮ ಪಾಳಿಯಿಂದಲೇ ಜನರನ್ನು ತೆಗೆಯಬೇಕು. ಕಾರ್ಖಾನೆ ನಿಂತ ದಿನ ಕೆಲಸವೂ ಹೋಗುತ್ತದೆ, ಮುಪ್ಪಿನ ಅನ್ನವೂ ಹೋಗುತ್ತದೆ.

ಮೊದಮೊದಲು ಇದರಲ್ಲಿ ಒಬ್ಬ ದುಷ್ಟನನ್ನು ಹುಡುಕಿದೆ. ಕಾದಂಬರಿ ಓದಿ ಕೆಟ್ಟ ಅಭ್ಯಾಸ. ಸಿಗಲಿಲ್ಲ. ಸಾಲ ಕೊಟ್ಟವರ ಪಟ್ಟಿಯಲ್ಲಿ ಯಾವುದೋ ಊರಿನ ನರ್ಸುಗಳ ನಿವೃತ್ತಿ ನಿಧಿಯೂ ಇದೆ. ನೀವು ಫರ್ನೇಸಿನ ಮುಂದೆ ಸುರಿಸುವ ಬೆವರಿನಲ್ಲಿ ಒಂದು ಪಾಲು ಅವರಿಗೆ ಹೋಗುತ್ತದೆ, ಅದು ಅವರಿಗೂ ಗೊತ್ತಿಲ್ಲ. ನಡುವೆ ನಮ್ಮಂಥ ಆಫೀಸುಗಳು ಕೂತು ಪ್ರತಿ ಕೈಬದಲಿಗೂ ತಮ್ಮ ಪಾಲು ಮುರಿದುಕೊಳ್ಳುತ್ತವೆ. ನನ್ನ ಸಂಬಳ ಆ ಪಾಲಿನದೇ. ಹೋದ ತಿಂಗಳು ಅತ್ತೆಗೆ ಕಳಿಸಿದ ಶಾಲು ಕೂಡ.

ಅತ್ತೆಗೆ ನಮಸ್ಕಾರ ತಿಳಿಸಿ. ಈ ಕಾಗದವನ್ನು ಅವರಿಗೂ ಓದಿ ಹೇಳಿ, ಮುಚ್ಚಿಡಬೇಡಿ. ನಿಮ್ಮ ಆಶೀರ್ವಾದ ಕೇಳುವ ಧೈರ್ಯ ಇವತ್ತು ಇಲ್ಲ. ಕೋಪ ಇಳಿದ ಮೇಲೆ, ಕೊಡಬೇಕು ಅನಿಸಿದರೆ ಕೊಡಿ.

ನಿಮ್ಮ ತಂಗಿಯ ಮಗಳು,
ಮೌನಿ

ವಿ.ಸೂ.: ಲಾರಿಯವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಮೇಲೆ ಬರೆದದ್ದೆಲ್ಲ ಅವರು ಮಾಡಿದ್ದು, ಈಗ ನಾನು ಮಾಡಿದ್ದು. ಪುಸ್ತಿಕೆಯ ಹದಿನಾಲ್ಕನೇ ಪುಟದಲ್ಲಿ "ಫರ್ನೇಸ್ ಇನ್ನೂ ಆರು ವರ್ಷ ನಿಶ್ಚಿಂತೆಯಿಂದ ನಡೆಯುತ್ತದೆ" ಎಂದಿದೆಯಲ್ಲ, ಇಂಜಿನಿಯರ್ ಕೊಟ್ಟ ವರದಿಯಲ್ಲಿ ಹಾಗಿಲ್ಲ. ಪೂರ್ವದ ಗೋಡೆ ನಾಲ್ಕು ಬೆರಳಿನಷ್ಟು ದಪ್ಪ ಮಾತ್ರ ಉಳಿದಿದೆ, ಹತ್ತು ತಿಂಗಳೊಳಗೆ ಫರ್ನೇಸ್ ನಿಲ್ಲಿಸದಿದ್ದರೆ ಕರಗಿದ ಗಾಜು ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ ಎಂದಿದೆ. ಅದನ್ನು ಪೂರ್ತಿ ಓದಿ, ಆ ಗೋಡೆಯ ಮುಂದೆ ನಿಲ್ಲುವವರು ಯಾರೆಂದು ತಿಳಿದೂ, ನಾನು ಆ ವಾಕ್ಯ ಬರೆದೆ. "ಚೆನ್ನಾಗಿ ಬಂದಿದೆ" ಎಂದು ಮೇಲಧಿಕಾರಿ ಅಂದರು, ನನಗೆ ಹಿಗ್ಗೂ ಆಯಿತು. ವರದಿಯ ಆ ಪುಟ ಇದರೊಳಗೆ ಮಡಚಿಟ್ಟಿದ್ದೇನೆ. ಶುಕ್ರವಾರ ಎಲ್ಲರಿಗೂ ಕೇಳುವ ಹಾಗೆ ಓದಿ. ಯಾರು ಕಳಿಸಿದರು ಎಂದು ಕೇಳುತ್ತಾರೆ. ನನ್ನನ್ನು ಉಳಿಸಲು ಹೋಗಬೇಡಿ, ಹೆಸರು ಹೇಳಿ. ಆಮೇಲೆ ನಾನು ಮನೆಗೆ ಬರಬಹುದೇ ಎಂಬುದನ್ನು ಮಾತ್ರ ಅತ್ತೆಯ ಕೈಲಿ ಫೋನ್ ಮಾಡಿಸಿ.